ನಲವತ್ತೊಂಬತ್ತು ಅಲಗುಗಳ ಕಪಾಟು

ಕಂಬವಿಲ್ಲದೆ ಬಾನನ್ನು ನಿಲ್ಲಿಸಿದವನಿಗೆ, ಕೀಲಿಲ್ಲದೆ ಹಗಲನ್ನು ಇರುಳಿಗೆ ಕೂಡಿಸಿದವನಿಗೆ, ಯಾವ ಕಣ್ಣಿಗೂ ನಿಲುಕದಷ್ಟು ತೆಳುವಾದ ಅಂಚಿನಿಂದ ಇದ್ದುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿದ ಆದಿಶಿಲ್ಪಿಗೆ ಮೊದಲ ನಮಸ್ಕಾರ. ಅವನು ತನ್ನ ಕೌಶಲದಲ್ಲಿ ಒಂದು ತೃಣಭಾಗವನ್ನು ಮನುಷ್ಯನ ಕೈಯಲ್ಲಿಟ್ಟನು. ಕೈಗೆ ಮಾತ್ರ ಆಯುಷ್ಯವನ್ನು ಅಳೆದು ಕೊಟ್ಟನು. ಅಳಿದ ಕೈಗಳನ್ನು ಕುರಿತು ಹೇಳಹೊರಟ ನನ್ನ ಮಾತು ಅವನ ಅನುಗ್ರಹದಿಂದ ಎಡವದೆ ಸಾಗಲಿ.

ಜರ್ಮನಿಯ ಸೋಲಿಂಗೆನ್ ಪಟ್ಟಣದಿಂದ ವುಪ್ಪರ್ ಹೊಳೆಗೆ ಇಳಿಯುವ ಕಡಿದಾದ ದಾರಿಯ ನಡುವೆ ಎವಾಲ್ಡ್ ಕ್ರೋನೆನ್‌ಬೆರ್ಗ್ ಎಂಬ ಬಡಗಿಯ ಕೆಲಸದ ಮನೆಯಿತ್ತು. ಅದರ ಮೇಲಂತಸ್ತಿನಲ್ಲಿ, ಸಂಸ್ಕೃತ ಕಲಿಸಲೆಂದು ಕನ್ನಡನಾಡಿನಿಂದ ಹೋದ ನಾನು ಬಹುಕಾಲದಿಂದ ಬಾಡಿಗೆಗಿದ್ದೆ. ನೆಲದ ಹಲಗೆಗಳ ಸಂದಿನಿಂದ ಸರೇಸಿನ ವಾಸನೆಯೂ ಕೀಸುಳಿಯ ಸದ್ದೂ ನನ್ನ ಓದಿನ ಮೇಜಿನವರೆಗೆ ಏರಿ ಬರುತ್ತಿದ್ದವು. ಐವತ್ತು ದಾಟಿದ ಎವಾಲ್ಡ್ ಮಿತಭಾಷಿ. ಕೆಲಸದ ವಿಷಯದಲ್ಲಿ ಮಾತ್ರ ಹೆಮ್ಮೆಯವನು. ಅವನು ಮಾಡಿದ ಕಪಾಟಿನ ಒಂದು ಬಾಗಿಲನ್ನು ಮುಚ್ಚಿದರೆ, ಒಳಗಿನ ಗಾಳಿಗೆ ಬೇರೆ ದಾರಿ ಕಾಣದೆ ಇನ್ನೊಂದು ಬಾಗಿಲು ತಾನಾಗಿ ಕೂದಲೆಳೆಯಷ್ಟು ತೆರೆದುಕೊಳ್ಳುತ್ತಿತ್ತು. ಅಷ್ಟು ಬಿಗಿಯಾದ ಕೆಲಸ.

ಸೇಬಿನ ಗಿಡಗಳು ಹೂಬಿಟ್ಟ ಒಂದು ಬೆಳಿಗ್ಗೆ ಆಲ್ವಿನ್ ಬರ್ಟ್ರಾಮ್ಸ್ ಎಂಬ ಮುದುಕರು ತಮ್ಮ ಮೊಮ್ಮಗಳು ಲೋರೆಯ ತೋಳು ಹಿಡಿದು ಅವನಲ್ಲಿಗೆ ಬಂದರು. ಅವರಿಗೆ ಎಂಬತ್ತೊಂದು ವರ್ಷ. ಅದರಲ್ಲಿ ಅರವತ್ತನ್ನು ಹೊಳೆಯಂಚಿನ ಸಾಣೆಮನೆಯಲ್ಲಿ, ನೀರುಚಕ್ರ ತಿರುಗಿಸುವ ಕಲ್ಲಿನ ಮುಂದೆ, ಕ್ಷೌರಗತ್ತಿಗಳಿಗೆ ಸಾಣೆ ಹಿಡಿಯುತ್ತ ಕಳೆದಿದ್ದರು. ಕಿಡಿಗಳು ಹಾರಿ ಹಾರಿ ಕಣ್ಣು ಮಂಜಾಗಿತ್ತು. ಲೋರೆ ಹೊತ್ತು ತಂದ ತಗಡಿನ ಪೆಟ್ಟಿಗೆಯಲ್ಲಿ, ಎಣ್ಣೆಬಟ್ಟೆಯ ಸುರುಳಿಗಳೊಳಗೆ, ನಲವತ್ತೊಂಬತ್ತು ಕತ್ತಿಗಳಿದ್ದವು.

ಆ ಹೊಳೆಯ ಕತ್ತಿಗಳಲ್ಲಿ, ಅಲಗು ಹಿಡಿಗೆ ಸೇರುವ ಕೊರಳಿನ ಮೇಲೆ, ಕಾರ್ಖಾನೆಯ ಮುದ್ರೆ ಇರುತ್ತದೆ. ಸಾಣೆಗಾರನ ಹೆಸರು ಎಂದೂ ಇರುವುದಿಲ್ಲ. ಉಕ್ಕಿನ ಒರಟು ಪಟ್ಟಿಯನ್ನು ಎರಡೂ ಮಗ್ಗುಲಲ್ಲಿ ತೋಡಿ ತೋಡಿ, ಅಲಗಿನ ಬಳಿ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿಸುವವನು ಅವನೇ. ಆದರೆ ಜಗತ್ತಿನ ಯಾವ ಗಡ್ಡಕ್ಕೂ ಅವನ ಹೆಸರು ತಿಳಿಯದು. ಆಲ್ವಿನ್ ಅಜ್ಜ ತಮ್ಮ ಹೊಳೆಯಲ್ಲಿ ದುಡಿದ ನಲವತ್ತೊಂಬತ್ತು ಮಂದಿಯ ಕೈಯಿಂದ ಒಂದೊಂದು ಕತ್ತಿಯನ್ನು ಆಯ್ದಿಟ್ಟುಕೊಂಡಿದ್ದರು. ಆ ಮಂದಿಯಲ್ಲಿ ಈಗ ಒಬ್ಬನೂ ಉಳಿದಿರಲಿಲ್ಲ. ಗೋಡೆಗೆ ಸಿಕ್ಕಿಸಿದರೆ ಗುಂಯ್‌ಗುಟ್ಟಿ ಗಡ್ಡ ಹೆರೆಯುವ ವಿದ್ಯುತ್ ಯಂತ್ರಗಳು ಬಂದ ಮೇಲೆ ಸಾಣೆಮನೆಗಳು ಒಂದೊಂದಾಗಿ ಮುಚ್ಚಿದ್ದವು. ಯಾವ ಕತ್ತಿ ಯಾರದೆಂಬುದು ಎಲ್ಲೂ ಬರೆದಿರಲಿಲ್ಲ. ಕಟ್ಟಿದ ಚೀಟಿಗಳು ಎಣ್ಣೆಯಲ್ಲಿ ಕರಗಿಹೋಗಿದ್ದವು. ಅಜ್ಜನಿಗೆ ಚೀಟಿಯ ಅಗತ್ಯವೂ ಇರಲಿಲ್ಲ. ಅವರು ಅಲಗಿನ ಅಂಚನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಮೀಟುತ್ತಿದ್ದರು. ಉಕ್ಕು ಉಗುರಿನ ಮೇಲೆ ಬಾಗಿ, ಮರಳಿ ನೆಟ್ಟಗಾಗುವಾಗ ಒಂದು ನಾದ ಹೊರಡುತ್ತಿತ್ತು. ಆ ನಾದದಲ್ಲಿ ಅವರಿಗೆ ಕೈ ಗೊತ್ತಾಗುತ್ತಿತ್ತು.

ಅಂದು ನಮ್ಮೆದುರು ಅವರು ಒಂದನ್ನು ಮೀಟಿದರು. ಸಣ್ಣ ಸ್ವರವೊಂದು ಎದ್ದು, ಕೋಣೆಯ ಮೂಲೆಗಳನ್ನು ಮುಟ್ಟಿ ಬಂದಂತೆ ತುಸು ಹೊತ್ತು ನಿಂತಿತು. ವೇದಘೋಷವನ್ನು ಕೇಳಿ ಬೆಳೆದ ನನ್ನ ಕಿವಿಗೂ ಅಷ್ಟು ಶುದ್ಧವಾದ ಧ್ವನಿ ಅಪರೂಪವೇ.

ಅಜ್ಜನ ಬೇಡಿಕೆ ಸರಳವಾಗಿತ್ತು. ಪ್ರತಿಯೊಂದು ಕತ್ತಿಗೂ ಅದರದೇ ತೊಟ್ಟಿಲು, ತೊಟ್ಟಿಲ ಕೆಳಗೆ ಅದನ್ನು ಮಾಡಿದವನ ಹೆಸರು. ಕಪಾಟು ಚರ್ಚಿನ ಪಕ್ಕದ ಸಭಾಮಂದಿರದಲ್ಲಿ ನಿಲ್ಲಬೇಕು. ಒಳಗೆ ಮಖಮಲ್ಲು ಬೇಡ, ಅದು ತೇವ ಹಿಡಿಯುತ್ತದೆ. ಕಪಾಟೆಲ್ಲ ಮರಸೇಬಿನ ಮರದಲ್ಲೇ ಆಗಬೇಕು.

“ಓಕ್ ಮಾತ್ರ ಒಂದು ಚೂರೂ ಬೇಡ ಕಣಯ್ಯ,” ಎಂದರು. “ಆ ಮರದ ಹೊಟ್ಟೇಲಿ ಹುಳಿ ಇರುತ್ತೆ. ಉಕ್ಕನ್ನ ಮೆಲ್ಲಗೆ ತಿನ್ನುತ್ತೆ.”

ಎವಾಲ್ಡ್ ಒಪ್ಪಿದನು. ಹೆಸರು ಬರೆಯುವ ಕೆಲಸವನ್ನು, ನನ್ನ ಅಕ್ಷರ ದುಂಡಗಿದೆಯೆಂದು, ನನಗೆ ಒಪ್ಪಿಸಿದರು. ಅಜ್ಜ ಅಂದೇ ನಲವತ್ತೊಂಬತ್ತು ಹೆಸರುಗಳನ್ನೂ ಹೇಳಿ ನನ್ನಿಂದ ಪಟ್ಟಿ ಮಾಡಿಸಿದರು. ಕಪಾಟು ಮುಗಿದು ಕತ್ತಿಗಳು ತಮ್ಮ ತಮ್ಮ ಜಾಗದಲ್ಲಿ ಮಲಗಿದ ಮೇಲೆಯೇ ಹೆಸರಿಡುವುದೆಂದು ಗೊತ್ತಾಯಿತು. ಅದಕ್ಕೆ ಮೊದಲು ಇಟ್ಟರೆ ಮತ್ತೆ ಕಲೆಸಿಹೋಗುವ ಭಯ.

ಆ ಬೇಸಿಗೆಯೆಲ್ಲ ಕೆಳಗಿನ ಕೋಣೆಯಲ್ಲಿ ನಡೆದುದನ್ನು ನಾನು ದಿನವೂ ಇಳಿದು ನೋಡುತ್ತಿದ್ದೆ. ಗುಲಾಬಿ ಛಾಯೆಯ ಆ ಮರಕ್ಕೆ ಎಳೆಗಳೇ ಕಾಣವು. ಉಳಿ ಅದರಲ್ಲಿ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು. ಮೂಲೆಗಳನ್ನು ಎವಾಲ್ಡ್ ಬೆರಳುಗಳಲ್ಲಿ ಬೆರಳು ಹೆಣೆದ ಹಾಗೆ ಕೂಡಿಸಿದನು. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಏಳು ಸಾಲು, ಸಾಲಿಗೆ ಏಳು ತೊಟ್ಟಿಲು. ಕತ್ತಿಯ ಬೆನ್ನು ಮತ್ತು ಹಿಡಿ ಮಾತ್ರ ಮರಕ್ಕೆ ಒರಗಿ, ಅಲಗು ಎಲ್ಲಿಯೂ ತಾಗದೆ ಗಾಳಿಯಲ್ಲಿ ನಿಲ್ಲುವಂತೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೊರೆದನು. ಯಾವ ಎರಡು ತೊಟ್ಟಿಲೂ ಒಂದೇ ಅಳತೆಯವಲ್ಲ.

ಹಿಂಬದಿಯ ಹಲಗೆಯೊಂದು ಉಳಿದಿತ್ತು. ಅದೇ ವಾರ ಅಜ್ಜನ ಹಳೆಯ ಸಾಣೆಮನೆಯನ್ನು ಕೆಡವುತ್ತಿದ್ದರು. ನೀರುಚಕ್ರದ ನಡುದಿಂಡು, ನೂರು ವರ್ಷ ಹೊಳೆಯಲ್ಲಿ ತಿರುಗಿ ಕಪ್ಪಾದ ಓಕ್ ಮರ, ಸೌದೆಗೆ ಹೋಗುವುದರಲ್ಲಿತ್ತು. ಎವಾಲ್ಡ್ ಅದನ್ನು ಬೇಡಿ ತಂದನು. ಸೀಳಿ, ಕೀಸಿ, ನಯಗೊಳಿಸಿದಾಗ ಅದರ ಮೈ ಮಳೆಗಾಲದ ಹೊಳೆಯಂತೆ ಕಪ್ಪಗೆ ಮಿನುಗಿತು. ಆ ನಲವತ್ತೊಂಬತ್ತು ಮಂದಿಗೆ ಅನ್ನವಿತ್ತ ನೀರು ಅವರ ಕತ್ತಿಗಳ ಬೆನ್ನಿಗಿರಲಿ ಎಂಬುದು ಅವನ ಆಸೆ. ಅಜ್ಜನಿಗೆ ಹೇಳದೆ, ಹೆಸರಿಡುವ ದಿನ ಕೈಮುಟ್ಟಿಸಿ ಬೆರಗುಗೊಳಿಸಬೇಕೆಂದಿದ್ದನು. ಹುಳಿಯ ಮಾತು ಅವನಿಗೆ ಮರೆತಿರಲಿಲ್ಲ. ನೂರು ವರ್ಷ ಹರಿಯುವ ನೀರಿನಲ್ಲಿ ನೆನೆದ ಮರದಲ್ಲಿ ಎಲ್ಲಿಯ ಹುಳಿ, ಎಲ್ಲ ಎಂದೋ ತೊಳೆದುಹೋಗಿದೆ ಎಂದು ನನಗೆ ಹೇಳಿದನು. ನಾನೂ ತಲೆದೂಗಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆಗಸ್ಟಿನ ಕೊನೆಯಲ್ಲಿ ಲೋರೆ ಕತ್ತಿಗಳನ್ನು ಒಂದೊಂದಾಗಿ ಒರೆಸಿ ತೊಟ್ಟಿಲಿಗೆ ಇಳಿಸಿದಳು. ಮರುದಿನವೇ ಅಜ್ಜ ಜ್ವರದಿಂದ ಮಲಗಿದರು. ಐದು ವಾರ ಕಪಾಟು ಬಿಗಿಯಾಗಿ ಮುಚ್ಚಿಯೇ ನಿಂತಿತ್ತು.

ಜ್ವರ ಬಿಟ್ಟಾಗ ಅದು ಬರಿಗೈಯಲ್ಲಿ ಹೋಗಲಿಲ್ಲ. ಅಜ್ಜನ ಎಡಗಿವಿ ಸಂಪೂರ್ಣ ಸತ್ತಿತ್ತು. ಬಲಗಿವಿಯೂ ಹೆಚ್ಚು ದಿನ ಉಳಿಯದೆಂದು ವೈದ್ಯರು ಲೋರೆಯನ್ನು ಹೊರಗೆ ಕರೆದು ಹೇಳಿದರು. ಅವಳು ನಮ್ಮಲ್ಲಿಗೆ ಓಡಿಬಂದು, ನಾಳೆಯೇ ಹೆಸರಿಡಬೇಕು, ಆ ಕಿವಿ ಹೋದರೆ ನಲವತ್ತೊಂಬತ್ತು ಜನರೂ ಅದರೊಂದಿಗೆ ಹೋದಂತೆ ಎಂದಳು.

ಮರುದಿನ ಎವಾಲ್ಡ್ ಗಾಜಿನ ಬಾಗಿಲುಗಳನ್ನು ತೆರೆದನು. ಮೊದಲು ಬಂದದ್ದು ವಾಸನೆ. ಹಳಸಿದ ದ್ರಾಕ್ಷಿಯ ಪಿಪಾಯಿಯಂತೆ ಹುಳಿಹುಳಿಯಾದ ಗಾಳಿ. ಆಮೇಲೆ ಕಣ್ಣಿಗೆ ಬಿತ್ತು: ಕನ್ನಡಿಯಂತಿದ್ದ ಅಲಗುಗಳ ಮೇಲೆಲ್ಲ ಯಾರೋ ಉಸಿರು ಬಿಟ್ಟ ಹಾಗೆ ಕಂದು ಮಬ್ಬು. ಅವನ ಬಿಗಿಯಾದ ಕೆಲಸವೇ ಆ ಗಾಳಿಯನ್ನು ಹೊರಹೋಗದಂತೆ ಹಿಡಿದಿಟ್ಟಿತ್ತು.

ಅಜ್ಜನ ಮಂಜುಗಣ್ಣಿಗೆ ಆ ಮಬ್ಬು ಕಾಣುತ್ತಿರಲಿಲ್ಲ. ಆದರೆ ಮೂಗಿಗೆ ಗೊತ್ತಾಯಿತು. ಅವರು ಕೈಚಾಚಿ ಹಿಂದಿನ ಹಲಗೆಯನ್ನು ಮುಟ್ಟಿದರು. ಬೆರಳು ಅಲ್ಲೇ ನಿಂತಿತು.

ಎವಾಲ್ಡ್ ಏನನ್ನೂ ಮರೆಮಾಚಲಿಲ್ಲ. ಮರ ಎಲ್ಲಿಯದು, ಏಕೆ ತಂದೆ, ಏನೆಂದು ಎಣಿಸಿದ್ದೆ ಎಂಬುದನ್ನೆಲ್ಲ ಅವರ ಬಲಗಿವಿಯ ಬಳಿ ಬಾಗಿ ಹೇಳಿದನು. ಅಜ್ಜ ಹಲಗೆಯಿಂದ ಬೆರಳನ್ನು ಹಿಂದೆಗೆದು ಮೂಸಿದರು.

“ನಾನು ಅರವತ್ತು ವರ್ಷ ಆ ದಿಂಡಿನ ಪಕ್ಕ ಕೂತೋನು,” ಎಂದರು. “ಅದಕ್ಕೆ ಹೊಡೆದ ಕಬ್ಬಿಣದ ಪಟ್ಟೀನ ಎಂಟು ವರ್ಷಕ್ಕೊಂದ್ಸಲ ಬದಲಾಯಿಸ್ತಿದ್ವಿ. ಯಾಕೆ ಅಂತ ನನ್ನ ಕೇಳಬೇಕು ಅಂತ ಅನಿಸಲಿಲ್ವೇನೋ ನಿಂಗೆ?”

“ನಿಮಗೆ ಖುಷಿಯಾಗಲಿ ಅಂತ ಮಾಡಿದೆ ಅಜ್ಜ.”

“ಆಯ್ತಪ್ಪ, ಖುಷಿಯಾಯ್ತು. ನಲವತ್ತೊಂಬತ್ತು ಜನಾನ್ನ ಒಟ್ಟಿಗೆ ಉಪ್ಪಿನಕಾಯಿ ಹಾಕಿದೀಯ.”

ಎವಾಲ್ಡ್ ತುಕ್ಕು ಉಜ್ಜಲು ಮರಳುಕಾಗದದ ಪಟ್ಟಿಯೊಂದನ್ನು ಕೈಗೆತ್ತಿಕೊಂಡನು. ಸರಸರನೆಯ ಸದ್ದನ್ನು ಆ ಅರ್ಧಗಿವಿಯೂ ಹಿಡಿಯಿತು. ಅಜ್ಜ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

“ಅದನ್ನ ಕೆಳಗಿಡು. ಅಲಗಿಂದ ಒಂದು ಕಣ ಉಕ್ಕು ಹೋದ್ರೂ ಸ್ವರ ಬದಲಾಗುತ್ತೆ. ಆಮೇಲೆ ಅದು ಅವನ ಕತ್ತಿ ಅಲ್ಲ, ನಿನ್ನ ಕತ್ತಿ.”

ಎಣ್ಣೆಬಟ್ಟೆಯಿಂದ ಒರೆಸಿದಾಗ ಮೂವತ್ತೆಂಟರ ಮಬ್ಬು ಹೋಯಿತು. ಅಜ್ಜ ಒಂದೊಂದನ್ನೂ ಮೀಟಿ, ಕಿವಿಗೆ ಹತ್ತಿರ ಹಿಡಿದು, ಹೆಸರು ಹೇಳಿದರು; ನಾನು ಬರೆದೆ. ಕೆಲವು ಹೆಸರುಗಳ ಜೊತೆಗೆ ಬಾಲವೂ ಬರುತ್ತಿತ್ತು: ಇವನು ಎಡಗೈಯವನು, ಇವನಿಗೆ ಹೆಂಡತಿಯೆಂದರೆ ನಡುಕ, ಇವನು ಎಂದೂ ಜಗಳವಾಡದೆ ಸತ್ತ ಏಕೈಕ ಸಾಣೆಗಾರ. ಆದರೆ ಹಲಗೆಗೆ ತೀರ ಹತ್ತಿರವಿದ್ದ ಹನ್ನೊಂದು ಕತ್ತಿಗಳಲ್ಲಿ ತುಕ್ಕು ಬೇರುಬಿಟ್ಟಿತ್ತು. ಉಗುರು ಮೀಟಿದರೆ ಒದ್ದೆ ಮರ ತಟ್ಟಿದಂಥ ಸದ್ದು. ಅಜ್ಜ ಹನ್ನೊಂದನ್ನೂ ಎರಡೆರಡು ಸಲ ಮೀಟಿ, ತಲೆಯಲ್ಲಾಡಿಸಿ, ಪಕ್ಕಕ್ಕಿಟ್ಟರು.

ಆ ದಿನ ಎವಾಲ್ಡ್ ಊಟ ಮಾಡಲಿಲ್ಲ. ಕಪ್ಪು ಹಲಗೆಯನ್ನು ಕಳಚಿ ಹೊರಗಿಟ್ಟು, ಮರಸೇಬಿನ ಹಲಗೆಯನ್ನು ಕೂಡಿಸಿದನು. ಆಮೇಲೆ ಅದೇ ಮರದ ತುಂಡೊಂದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತನು. ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ ತನ್ನ ಎಣಿಕೆಯನ್ನು ತಿಳಿಸಿದನು. ಮರ ಉಕ್ಕಿಗಿಂತ ಮೆತ್ತಗೆ, ತುಕ್ಕಿಗಿಂತ ಗಟ್ಟಿ. ಕತ್ತಿಯ ಮಗ್ಗುಲಿನ ತೋಡಿಗೆ ಸರಿಯಾಗಿ ಕೂರುವ ಮರದ ಕಡ್ಡಿಯನ್ನು ಮಾಡಿ, ಬರಿಯ ಎಣ್ಣೆ ಸವರಿ ಉಜ್ಜಿದರೆ ತುಕ್ಕು ಕಿತ್ತು ಬರಬೇಕು, ಉಕ್ಕು ಹೋಗಬಾರದು. ಅಜ್ಜನಿಗೆ ಹೇಳಿದಾಗ ಅವರು, ಅದು ಸಾಧ್ಯ, ಆದರೆ ಅಷ್ಟು ತಾಳ್ಮೆ ಸಂತರಿಗೂ ಇರಲಿಲ್ಲ ಎಂದರು.

ತೋಡಿಗೆ ಸರಿಯಾಗಿ ಕೂರಬೇಕಾದರೆ ತೋಡಿನ ಆಕಾರ ತಿಳಿಯಬೇಕು. ಎವಾಲ್ಡ್ ಬಿಸಿಮೇಣವನ್ನು ಪ್ರತಿಯೊಂದು ಅಲಗಿನ ಮೇಲೆ ಒತ್ತಿ ಅಚ್ಚು ತೆಗೆದನು. ಆ ಅಚ್ಚುಗಳನ್ನು ಕಿಟಕಿಯ ಬೆಳಕಿಗೆ ಸಾಲಾಗಿಟ್ಟು ನನ್ನನ್ನು ಕರೆದನು. ನಾನು ಕಂಡದ್ದನ್ನು ಹೇಗೆ ಹೇಳಲಿ? ಒಂದೇ ಬಗೆಯ ಕತ್ತಿಗಳು, ಒಂದೇ ಹೊಳೆಯ ಕಲ್ಲುಗಳು. ಆದರೂ ಒಂದು ತೋಡು ಇನ್ನೊಂದರಂತಿರಲಿಲ್ಲ. ಒಬ್ಬನ ಮಣಿಕಟ್ಟು ತುದಿಗೆ ಬಂದಾಗ ಪ್ರತಿಸಲವೂ ಎಳ್ಳಷ್ಟು ಹೊರಳಿತ್ತು. ಇನ್ನೊಬ್ಬನ ಎಡಮಗ್ಗುಲು ಬಲಕ್ಕಿಂತ ಆಳ. ಮತ್ತೊಬ್ಬನು ನಡುವೆ ಒಂದು ಕ್ಷಣ ಉಸಿರು ಹಿಡಿದಿದ್ದನು. ಆ ಉಸಿರಿನ ಗುರುತು ಉಕ್ಕಿನಲ್ಲಿ ಹಾಗೇ ಉಳಿದಿತ್ತು. ದೇಹಗಳು ಎಂದೋ ಮಣ್ಣಾಗಿದ್ದವು. ಅವುಗಳ ನಡೆ ಮಾತ್ರ ಮೇಣದ ಮೇಲೆ ನಮ್ಮೆದುರು ಮಲಗಿತ್ತು. ಮಂತ್ರದ ಸ್ವರ ಬಾಯಿಂದ ಬಾಯಿಗೆ ಉಳಿಯುವುದನ್ನು ಬಲ್ಲ ನಾನು, ಕೈಯ ಸ್ವರವೂ ಹೀಗೆ ಉಳಿಯಬಲ್ಲದೆಂದು ಅಂದಿನವರೆಗೆ ತಿಳಿದಿರಲಿಲ್ಲ. ಎವಾಲ್ಡ್ ಟೋಪಿ ತೆಗೆದು ನಿಂತಿದ್ದನು.

ಒಂದು ಕತ್ತಿಗೆ ನಾಲ್ಕು ದಿನ ಹಿಡಿಯಿತು. ಕಡ್ಡಿ ಸವೆದರೆ ಇನ್ನೊಂದು. ಅವನು ಬೇರೆಲ್ಲ ಕೆಲಸವನ್ನೂ ನಿಲ್ಲಿಸಿದನು. ಒಂದು ಅಲಗು ಹೊಳೆದೊಡನೆ ಅಜ್ಜನ ಮನೆಗೆ ಒಯ್ಯುತ್ತಿದ್ದನು; ಅವರು ಮೀಟಿ ಹೆಸರು ಹೇಳುತ್ತಿದ್ದರು. ಮೊದಲ ಮೂರಕ್ಕೆ ಒಂದೇ ಮೀಟು ಸಾಕಾಯಿತು. ನಾಲ್ಕನೆಯದಕ್ಕೆ ನಾಲ್ಕು ಸಲ ಬೇಕಾಯಿತು. ಏಳನೆಯದಕ್ಕೆ ಲೋರೆ ಗಡಿಯಾರವನ್ನು ನಿಲ್ಲಿಸಿ, ಕಿಟಕಿಗಳನ್ನು ಮುಚ್ಚಿದಳು; ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು.

ಎಂಟನೆಯ ಕತ್ತಿ ಸಿದ್ಧವಾದುದು ನವೆಂಬರಿನ ಒಂದು ಭಾನುವಾರ. ಎವಾಲ್ಡ್ ಅದನ್ನು ಕೊಂಡೊಯ್ದಾಗ, ಚರ್ಚಿನ ಗಂಟೆ ಬಡಿಯುತ್ತಿದ್ದರೂ ಅಜ್ಜ, ಇವತ್ತೇಕೆ ಗಂಟೆ ಬಾರಿಸಲಿಲ್ಲ ಎಂದು ಲೋರೆಯನ್ನು ಕೇಳುತ್ತಿದ್ದರು. ಅವಳು ಮುಖ ತಿರುಗಿಸಿದಳು. ಎವಾಲ್ಡ್ ಕತ್ತಿಯನ್ನು ಮಡಿಚಿ ಮರಳಿ ಬಂದನು. ನಾಲ್ಕು ಹೆಸರು ಉಳಿದಿದ್ದವು. ಯಾವುದು ಯಾರದೆಂದು ಹೇಳುವ ಕಿವಿ ಭೂಮಿಯ ಮೇಲೆ ಇರಲಿಲ್ಲ. ತಾನು ಹಲಗೆಯೊಂದರ ಮೋಹಕ್ಕೆ ನಾಲ್ಕು ಮಂದಿಯನ್ನು ಎರಡನೆಯ ಸಲ ಮಣ್ಣುಮಾಡಿದೆ ಎಂದು ಅವನು ನನ್ನೊಡನೆ ಹೇಳಿದನು. ಆದರೂ ಕಡ್ಡಿಯನ್ನು ಕೆಳಗಿಡಲಿಲ್ಲ. ಹೆಸರಿಲ್ಲದಿದ್ದರೂ ಅವು ತುಕ್ಕಿನಲ್ಲಿ ಮಲಗಬಾರದೆಂದು ಉಳಿದ ಮೂರನ್ನೂ ಅಷ್ಟೇ ಶ್ರದ್ಧೆಯಿಂದ ಉಜ್ಜಿದನು.

ನಾಲ್ಕೂ ಮುಗಿದ ದಿನ ಲೋರೆ ಅಜ್ಜನನ್ನು ಕೈಹಿಡಿದು ಕರೆತಂದಳು. ಕೆಲಸದ ಮೇಜಿನ ಮೇಲೆ ಕಾಫಿಯ ಹೂಜಿ, ಬಿಸಿ ದೋಸೆಯಂಥ ವಾಫಲ್ಲುಗಳು, ಹಾಲನ್ನ, ಚೆರ್ರಿಯ ಗೊಜ್ಜು; ನಮ್ಮ ದಾರಿಯ ಯಾವ ಸಂಭ್ರಮಕ್ಕೂ ಇಷ್ಟು ಇರಲೇಬೇಕು. ಯಾರೂ ಮುಟ್ಟಲಿಲ್ಲ. ಎವಾಲ್ಡ್ ನಾಲ್ಕು ಕತ್ತಿಗಳನ್ನು ಅಜ್ಜನ ಮುಂದಿಟ್ಟು, ಅವರ ಅಂಗೈ ಹಿಡಿದು ಅದರಲ್ಲಿ ಬೆರಳಿನಿಂದ ಒಂದು ಪದ ಬರೆದನು. ಕ್ಷಮಿಸಿ ಎಂದು.

ಅಜ್ಜ ನಕ್ಕರು.

“ಎಲ್ಲ ಯಾಕೆ ಹೆಣ ಕಾಯೋರ ಥರ ಕೂತಿದೀರಿ? ಸಾಣೆಮನೇಲಿ ಆರು ಕಲ್ಲು ತಿರುಗ್ತಿದ್ದಾಗ, ಪಕ್ಕದಲ್ಲಿ ಚಕ್ರ ಬಡೀತಿದ್ದಾಗ, ಯಾವ ಕಿವಿ ಏನು ಕೇಳುತ್ತಿತ್ತು ಅಂದ್ಕೊಂಡ್ರಿ? ಕಿವೀಲಿ ಕೇಳೋದು ಭಾನುವಾರದ ಶೋಕಿ. ಕೆಲಸದ ದಿನ ಕೇಳ್ತಿದ್ದಿದ್ದು ಇಲ್ಲಿ.”

ಎಂದು ತಮ್ಮ ಹಲ್ಲನ್ನು ತಟ್ಟಿ ತೋರಿಸಿದರು. “ಆರು ಉಳಿದಿವೆ. ಎದುರುಬದುರು ಎರಡು ಇದ್ರೆ ಸಾಕು.”

ಮೊದಲ ಕತ್ತಿಯ ಹಿಡಿಯನ್ನು ಹಿಂದಕ್ಕೆ ಮಡಚಿ, ಮುದ್ರೆಯಿರುವ ಕೊರಳನ್ನು ಹಲ್ಲುಗಳ ನಡುವೆ ಕಚ್ಚಿ, ಅಲಗನ್ನು ಉಗುರಿನಿಂದ ಮೀಟಿದರು. ನಮಗೆ ಕೇಳಿಸಿದ್ದು ಸಣ್ಣ ಝೇಂಕಾರ. ಅವರ ಮುಖದಲ್ಲಿ ಮಾತ್ರ, ದೂರದಿಂದ ಯಾರೋ ಕೂಗಿ ಕರೆದಂತೆ, ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕತ್ತಿಯನ್ನು ಬಾಯಿಂದ ತೆಗೆದು ಹೆಸರು ಹೇಳಿದರು. ಎರಡನೆಯದು. ಮೂರನೆಯದು. ನಾನು ಒಂದೊಂದನ್ನೂ ಬರೆದುಕೊಂಡೆ.

ನಾಲ್ಕನೆಯದನ್ನು ಅವರು ಬಾಯಿಗೆ ಇಡಲಿಲ್ಲ. ಉಳಿದಿದ್ದುದು ಒಂದೇ ಕತ್ತಿ, ನನ್ನ ಪಟ್ಟಿಯಲ್ಲಿ ಒಂದೇ ಹೆಸರು, ನಾನಾಗಲೇ ಬರೆಯತೊಡಗಿದ್ದೆ. ಲೋರೆ ನನ್ನ ಕೈ ತಡೆದಳು. ಅಜ್ಜ ಎವಾಲ್ಡನ ಕಡೆಗೆ ಕತ್ತಿಯನ್ನು ಚಾಚಿದ್ದರು.

“ಇವನು ಟಿಲ್‌ಮನ್ ಐಕೆರ್. ಮೂವತ್ತು ವರ್ಷ ನಾವಿಬ್ಬರು ಮಾತಾಡಲಿಲ್ಲ. ಇಸ್ಪೀಟಲ್ಲಿ ಮೋಸ ಮಾಡ್ತಿದ್ದ ಬಡ್ಡೀಮಗ. ಹೊಳೆಯ ಮೇಲಿಂದ ಕೆಳಗಿನವರೆಗೂ ಅವನಷ್ಟು ತೆಳ್ಳಗೆ ತೆಗೆದೋನು ಯಾರೂ ಇಲ್ಲ, ನಾನೂ ಇಲ್ಲ. ಅವನು ಬದುಕಿದ್ದಾಗ ಇದನ್ನ ನಾನು ಹೇಳಲಿಲ್ಲ. ಹೆಸರು ಗೊತ್ತಾಯ್ತು ಅಂದ ಮಾತ್ರಕ್ಕೆ ಮುಗೀತಾ? ಅವನನ್ನ ನನ್ನ ನಂತರ ಒಬ್ಬನಾದ್ರೂ ಕೇಳಿರಬೇಕು. ಕಚ್ಚು.”

ಎವಾಲ್ಡ್ ಕೊರಳನ್ನು ಹಲ್ಲಿನಲ್ಲಿ ಹಿಡಿದನು. ಅಜ್ಜ ಎಡಗೈಯನ್ನು ಅವನ ದವಡೆಯ ಮೇಲಿಟ್ಟು, ಬಲಗೈಯ ಉಗುರಿನಿಂದ ಮೀಟಿದರು.

ಬಡಗಿಯ ಕಣ್ಣು ಅಗಲವಾಯಿತು. ಅವನು ಅಲುಗಾಡಲಿಲ್ಲ. ಸದ್ದು ಹೊರಗಿನಿಂದ ಬರಲಿಲ್ಲವೆಂದೂ, ತನ್ನ ತಲೆಯ ಎಲುಬೇ ದೇಗುಲದ ಗೋಪುರವಾಗಿ ಅದರೊಳಗೆ ಯಾರೋ ಮೆಲ್ಲನೆ ಬೆಳಕು ಹೊತ್ತಿಸಿಕೊಂಡು ನಡೆದಂತಾಯಿತೆಂದೂ ಅವನು ಬಹುದಿನಗಳ ನಂತರ ನನಗೆ ಹೇಳಿದನು. ಕೊನೆಯ ಅಂಗುಲದಲ್ಲಿ ಸ್ವರ ಇನ್ನೂ ತೆಳುವಾಗಿ ಮೇಲೇರಿತಂತೆ. ಅಲ್ಲಿ ಟಿಲ್‌ಮನ್‌ನ ಕೈ ಕಲ್ಲಿನಿಂದ ಬಿಡಿಸಿಕೊಂಡದ್ದು ಅವನಿಗೆ ತಿಳಿಯಿತಂತೆ. ಆ ಹೊತ್ತಿನಲ್ಲಿ ಅವನ ಕಣ್ಣಿನಿಂದ ನೀರು ಇಳಿದು ಅಜ್ಜನ ಬೆರಳುಗಳನ್ನು ತೋಯಿಸಿತು.

“ಬಂತಲ್ಲ,” ಎಂದರು ಅಜ್ಜ. ಅವನ ದವಡೆಯ ನಡುಕದಲ್ಲಿ ಅವರಿಗೆ ಅದು ತಲುಪಿತ್ತು. “ಈಗ ಬರೀರಿ ಪಂಡಿತರೇ. ಐಕೆರ್ ಅಂತ ತಪ್ಪಿಲ್ಲದೆ ಬರೀರಿ, ಇಲ್ಲದಿದ್ರೆ ಮೇಲೆ ಹೋದಾಗ ನನ್ನ ಜೊತೆ ಮತ್ತೆ ಮಾತು ಬಿಡ್ತಾನೆ.”

ನಾನು ಬರೆದೆ. ಎವಾಲ್ಡ್ ಕತ್ತಿಯನ್ನು ಅದರ ತೊಟ್ಟಿಲಿಗೆ ಇಳಿಸಿ, ಹೆಸರನ್ನು ಕೆಳಗೆ ಕೂರಿಸಿದನು. ಮಧ್ಯಾಹ್ನದ ಇಳಿಬಿಸಿಲು ಕಿಟಕಿಯಿಂದ ಬಂದು ಏಳು ಸಾಲುಗಳ ಮೇಲೂ ನಿಂತಿತು. ನಲವತ್ತೊಂಬತ್ತು ಗೆರೆಗಳ ಬೆಳಕು; ನಲವತ್ತೊಂಬತ್ತು ಹೆಸರುಗಳು. ಲೋರೆ ಅವುಗಳನ್ನು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದಿದಳು. ಅಜ್ಜನಿಗೆ ಕೇಳಿಸದಿದ್ದರೂ, ಮೇಜಿನ ಹಲಗೆಯ ಮೇಲೆ ಎರಡೂ ಅಂಗೈಗಳನ್ನು ಊರಿ, ಓದು ಮುಗಿಯುವವರೆಗೆ ತಲೆಬಾಗಿ ನಿಂತಿದ್ದರು.

ಈ ಕಥೆಯನ್ನು ಓದಿದವರ, ಕೇಳಿದವರ ಕೈಗಳು ಮಾಡಿದ ಕೆಲಸ ಕೆಡದಿರಲಿ. ತಿಳಿಯದೆ ಮಾಡಿದ ತಪ್ಪನ್ನು ತಿದ್ದುವಷ್ಟು ತಾಳ್ಮೆಯೂ, ತಿದ್ದಿ ಮುಗಿಸುವಷ್ಟು ಆಯುಷ್ಯವೂ ಅವರಿಗೆ ದೊರೆಯಲಿ. ಹೆಸರಿಲ್ಲದೆ ದುಡಿದವರ ಹೆಸರನ್ನು ಹೇಳುವ ಬಾಯಿ ಅವರ ಮನೆಯಲ್ಲಿ ಹುಟ್ಟಲಿ. ಆದಿಶಿಲ್ಪಿಯು ಎಲ್ಲರನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ.